ಒಂದು ಮನೆಗೆ ಒಂದೇ ನಂಬರು

ಲಾಂಡ್ರಿಯ ಹಿಂದಿನ ಕೋಣೆ,
ಇಪ್ಪತ್ತೊಂದನೇ ತಾರೀಕು, ಭಾನುವಾರ ಮಧ್ಯಾಹ್ನ.

ಪ್ರೀತಿಯ ತಮ್ಮನಿಗೆ, ಅಂದರೆ ನಮ್ಮ ಮನೆಯ ಖಜಾಂಚಿಗೆ,

ಹೇಗಿದ್ದೀಯಪ್ಪ? ಹಡಗಿನ ಅಡುಗೆಮನೆಯಲ್ಲಿ ಎಣ್ಣೆ ಸಿಡಿದು ಮೊಣಕೈ ಸುಟ್ಟುಕೊಂಡಿದ್ದೆಯಲ್ಲ, ಗಾಯ ಒಣಗಿತೆ? ಮುಲಾಮು ಹಚ್ಚುತ್ತಿದ್ದೀಯೋ, ಇಲ್ಲ ಡಬ್ಬಿ ಬೇಗ ಖಾಲಿಯಾಗುತ್ತದೆಂದು ಮುಚ್ಚಿಟ್ಟಿದ್ದೀಯೋ? ಹಡಗಿನವರಿಗೆಲ್ಲ ಹೊತ್ತು ಹೊತ್ತಿಗೆ ಬಡಿಸುವವನು ನೀನು, ನಿನ್ನ ತಟ್ಟೆಗೆ ಏನು ಬಿತ್ತೆಂದು ಕೇಳುವವರು ಅಲ್ಲಿ ಯಾರಿದ್ದಾರೆ. ಉಪ್ಪುಗಾಳಿಗೆ ಕೆಮ್ಮು ಬಂದರೆ ಬಿಸಿನೀರು ಕುಡಿ, ಅದಕ್ಕೇನೂ ದುಡ್ಡು ಕೊಡಬೇಕಾಗಿಲ್ಲ. ನಾನು ಚೆನ್ನಾಗಿದ್ದೇನೆ. ವಾಡಿಕೆಗೆ ಬರೆದ ಮಾತು ಇದು ಎಂದುಕೊಳ್ಳಬೇಡ, ನಿಜವಾಗಿಯೇ ಚೆನ್ನಾಗಿದ್ದೇನೆ. ನಿನ್ನೆ ಮಾಳಿಗೆಗೆ ಹತ್ತಿ ಹೋಟೆಲಿನವರ ಬೆಡ್‌ಶೀಟು ಒಣಹಾಕಿದೆ. ಭಾರ ಎತ್ತಬೇಡವೆಂದು ನಿನ್ನ ಭಾವ ಕೆಳಗಿನಿಂದ ಕೂಗಿದರು, ಭಾರ ಎತ್ತಿದ್ದು ಮಗಳು, ನಾನು ಬರೀ ಕ್ಲಿಪ್ಪು ಹಾಕಿದ್ದು ಎಂದು ನಾನು ಮೇಲಿನಿಂದ ಕೂಗಿದೆ. ಬೀದಿಯವರೆಲ್ಲ ತಲೆಯೆತ್ತಿ ನೋಡಿದರು. ಅಷ್ಟು ದನಿ ಬಂದಿದೆ ನನಗೆ.

ಈ ಪತ್ರ ಯಾಕೆಂದು ನಿನಗೆ ಗೊತ್ತೇ ಇದೆ. ಕರುಳಿನಲ್ಲಿ ಕ್ಯಾನ್ಸರ್ ಸಿಕ್ಕಿದೆ ಎಂದು ನಾನು ಫೋನಿನಲ್ಲಿ ಹೇಳಿದ ದಿನವೇ, ದಡದಲ್ಲೊಂದು ಸಣ್ಣ ಹೋಟೆಲ್ ಇಡುವುದಕ್ಕೆಂದು ಇಷ್ಟು ವರ್ಷ ಕೂಡಿಟ್ಟದ್ದನ್ನೆಲ್ಲ ನೀನು ನನ್ನ ಖಾತೆಗೆ ಹಾಕಿಬಿಟ್ಟೆ. ಬೆಂಕಿಕಡ್ಡಿಯನ್ನು ಎರಡಾಗಿ ಸೀಳಿ ಹೊತ್ತಿಸುವವನು ನೀನು. ಅಂಥವನು ಎಷ್ಟು, ಯಾಕೆ ಎಂದು ಕೇಳದೆ ಗಂಟನ್ನೇ ಬಿಚ್ಚಿದೆಯೆಂದು ನಿನ್ನ ಭಾವ ಎರಡು ದಿನ ಬೆರಗಾಗಿ ಓಡಾಡಿದರು. ಆಪರೇಶನ್ ಆದ ಮೇಲೆ ನಾನು ಫೋನಿನಲ್ಲಿ ಇನ್ನೊಂದು ಮಾತು ಹೇಳಿದೆ: ನೀನೂ ಒಮ್ಮೆ ಕರುಳಿನ ಪರೀಕ್ಷೆ ಮಾಡಿಸಿಕೋ. ಅದಕ್ಕೆ ನೀನು, "ಗೊತ್ತಾಗದಿದ್ರೆ ಕಾಯಿಲೆನೂ ಇಲ್ಲ, ಖರ್ಚೂ ಇಲ್ಲ, ಬಿಡಕ್ಕಾ" ಎಂದು ಫೋನ್ ಇಟ್ಟವನು ಮತ್ತೆ ಎತ್ತಿಲ್ಲ. ಮುಂದಿನ ತಿಂಗಳು ಹಡಗು ದಡಕ್ಕೆ ಬರುತ್ತದೆ, ಹೊಸ ಕರಾರಿಗೆ ಸಹಿ ಹಾಕುವ ಮೊದಲು ನಿನಗೆ ರಜೆ ಇದೆ. ಆ ರಜೆಯಲ್ಲಿ ನೀನು ಆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಇದೊಂದೇ ಮಾತು ಹೇಳುವುದಕ್ಕೆ ಇಷ್ಟುದ್ದ ಬರೆಯುತ್ತಿದ್ದೇನೆ. ನನ್ನ ಕಾಯಿಲೆ ಹೇಗೆ ಸಿಕ್ಕಿತೆಂಬ ಕಥೆ ನಿನಗೆ ಗೊತ್ತಿಲ್ಲ. ಅದನ್ನು ಓದಿದ ಮೇಲೂ ನಿನ್ನ ಗಾದೆಯೇ ಸರಿ ಅನ್ನಿಸಿದರೆ ಆಗ ನೋಡೋಣ.

ನಮ್ಮ ಗಿರಾಕಿ ಒಬ್ಬ ನರ್ಸಮ್ಮ ಇದ್ದಾರೆ, ಆರೋಗ್ಯ ಕೇಂದ್ರದವರು. ಅವರ ಬಿಳಿ ಕೋಟುಗಳು ವಾರಕ್ಕೊಮ್ಮೆ ನಮ್ಮಲ್ಲಿಗೆ ಬರುತ್ತವೆ. ಕೋಟು ಕೊಡಲು ಬಂದವರು ಒಂದು ದಿನ ಕೌಂಟರಿನ ಮೇಲೆ ಎರಡು ಸಣ್ಣ ಬಾಟಲಿ ಇಟ್ಟರು, ಹೊಲಿಗೆ ಮಿಷನ್ನಿನ ಎಣ್ಣೆ ಬಾಟಲಿಯಷ್ಟು. ಐವತ್ತು ದಾಟಿದವರೆಲ್ಲ ಬೆಳಗ್ಗೆ ಕಕ್ಕಸಿಗೆ ಹೋದಾಗ ಕಡ್ಡಿಯ ತುದಿಯಲ್ಲಿ ಒಂಚೂರು ಎತ್ತಿ ಇದರೊಳಗೆ ಹಾಕಿ ಕೊಡಬೇಕಂತೆ. ಖರ್ಚೇನೂ ಇಲ್ಲ, ಕೇಂದ್ರದವರೇ ನೋಡುತ್ತಾರೆ. ಬೇರೆ ಯಾರಾದರೂ ಹೇಳಿದ್ದರೆ ಬಾಟಲಿ ಕಸದ ಬುಟ್ಟಿ ಸೇರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ನರ್ಸಮ್ಮ ಯಾವತ್ತೂ ಬಾಕಿ ಉಳಿಸಿದವರಲ್ಲ, ಅಂಥ ಗಿರಾಕಿಯ ಮಾತು ತೆಗೆದುಹಾಕುವುದು ಹೇಗೆ? ನಾನೂ ನಿನ್ನ ಭಾವನೂ ಮುಖ ಸಿಂಡರಿಸಿಕೊಂಡು ಹೇಳಿದ್ದನ್ನು ಮಾಡಿದೆವು. ಬಾಟಲಿಗಳ ಮೇಲೆ ಹೆಸರು ಬರೆಯಲು ಕಾಗದದ ಪಟ್ಟಿ ಅಂಟಿಸಿದ್ದರು. ನಮ್ಮ ಅಂಗಡಿಯ ಹಬೆಗೆ ಗೋಡೆಯ ಸುಣ್ಣವೇ ನಿಲ್ಲುವುದಿಲ್ಲ, ಕಾಗದ ನಿಲ್ಲುತ್ತದೆಯೆ? ಮಧ್ಯಾಹ್ನದೊಳಗೆ ಎರಡೂ ಕಳಚಿ ಬಿದ್ದಿದ್ದವು. ನಾನು ಯೋಚನೆಯನ್ನೇ ಮಾಡದೆ, ದಿನವೂ ನೂರಾರು ಬಟ್ಟೆಗೆ ಮಾಡುವ ಹಾಗೆ, ನಂಬರಿನ ಚೀಟಿಯನ್ನು ದಾರದಲ್ಲಿ ಎರಡಕ್ಕೂ ಕಟ್ಟಿ ಕೊಟ್ಟೆ.

ಯಾವ ನಂಬರೆಂದು ನಿನಗೆ ಹೇಳಬೇಕಾಗಿಲ್ಲ. ಒಂದು ಮನೆಗೆ ಒಂದೇ ನಂಬರು ಎಂದು ಅಪ್ಪ ತಮ್ಮ ಲಾಂಡ್ರಿಯಲ್ಲಿ ಹಾಕಿದ ಪದ್ಧತಿಯನ್ನು ನಾನು ನಮ್ಮ ಈ ಅಂಗಡಿಯಲ್ಲೂ ಬಿಟ್ಟಿಲ್ಲ. "ಗಂಡನ ಬಟ್ಟೆಗೊಂದು ಹೆಂಡತಿ ಬಟ್ಟೆಗೊಂದು ನಂಬರ್ ಹಾಕಿದ್ರೆ ಆ ಮನೆ ನಮ್ಮ ಅಂಗಡಿಲೇ ಒಡೆದುಹೋಗ್ತದೆ" ಎನ್ನುತ್ತಿದ್ದರಲ್ಲ. ಕೂಲಿ ಹುಟ್ಟದ ಬಟ್ಟೆ ಎಂದು ಅಂಗಡಿಯವರ ಸ್ವಂತ ಮನೆಗೆ ಸೊನ್ನೆ. ಹಾಗಾಗಿ ಎರಡು ಬಾಟಲಿಯ ಮೇಲೂ ಸೊನ್ನೆ. ಮುಂದಿನ ವಾರ ನರ್ಸಮ್ಮ ಕೋಟಿಲ್ಲದೆ ಬರಿಗೈಯಲ್ಲಿ ಬಂದರು. "ನಿಮ್ಮ ಮನೆ ಎರಡು ಬಾಟಲಿಲಿ ಒಂದರಲ್ಲಿ ರಕ್ತದ ಅಂಶ ಇದೆ. ಯಾರದು ಅಂತ ಲ್ಯಾಬಿನವರಿಗೆ ಗೊತ್ತಾಗ್ತಿಲ್ಲ, ಎರಡರ ಮೇಲೂ ಸೊನ್ನೆ. ಇಬ್ಬರೂ ಇನ್ನೊಂದ್ಸಲ ಕೊಡಿ" ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ಇಸ್ತ್ರಿ ಮೇಜಿನ ಹತ್ತಿರ ನಿಂತಿದ್ದ ನಿನ್ನ ಭಾವ, "ಅದು ನಂದೇ" ಎಂದುಬಿಟ್ಟರು. ಅವರಿಗೆ ಮೂಲವ್ಯಾಧಿ ಇರುವುದು ನಿನಗೂ ಗೊತ್ತು, ಬೀದಿಗೂ ಗೊತ್ತು. ಹಾಗೆ ಹೇಳಿ ನಿಂತವರು ಇಸ್ತ್ರಿಪೆಟ್ಟಿಗೆಯನ್ನು ಎತ್ತುವುದನ್ನೇ ಮರೆತರು. ಶಾಲೆಯ ಮೇಷ್ಟ್ರ ಒಂದು ಒಳ್ಳೆಯ ಅಂಗಿ ಬೆನ್ನಿನ ಮೇಲೆ ಇಸ್ತ್ರಿಯ ಆಕಾರದಲ್ಲೇ ಸುಟ್ಟಿತು, ಅವರಿಗೆ ಹೊಸದು ಹೊಲಿಸಿಕೊಟ್ಟೆವು.

ಮತ್ತೆ ಬಾಟಲಿ ಕೊಡಲು ಅವರು ಒಪ್ಪಲಿಲ್ಲ. ಇನ್ನೊಂದು ಬಾಟಲಿ, ಇನ್ನೊಂದು ವಾರ ಎಂದು ಮೀನಮೇಷ ಎಣಿಸುತ್ತ ಕೂರುವುದು ಬೇಡ, ನೇರವಾಗಿ ಆಸ್ಪತ್ರೆಗೇ ಹೋಗಿ ಕರುಳಿಗೆ ಕ್ಯಾಮೆರಾದ ಕೊಳವೆ ಹಾಕಿಸಿಕೊಂಡು ನೋಡಿಸುತ್ತೇನೆ ಎಂದರು. ದಿನ ಗೊತ್ತಾಯಿತು. ಆ ದಿನ ಬರುವವರೆಗೆ ಅವರು ನಡೆದುಕೊಂಡ ರೀತಿಯನ್ನು ಈಗ ಬರೆಯುವಾಗ ನಗು ಬರುತ್ತದೆ, ಆಗ ಬರಲಿಲ್ಲ. ಬಾಯ್ಲರಿನ ಯಾವ ತಿರುಪನ್ನು ಎಷ್ಟು ತಿರುಗಿಸಬೇಕೆಂದು ಮಗಳಿಗೆ ಹೇಳಿಕೊಟ್ಟರು. ಬೀರುವಿನ ಎರಡನೇ ಕೀಲಿಕೈ ಎಲ್ಲಿದೆಯೆಂದು ನನಗೆ ತೋರಿಸಿದರು, ಅದನ್ನು ಅಲ್ಲಿ ಇಟ್ಟವಳೇ ನಾನು. ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಒಂದು ಸಂಜೆ ನೋಡಿದರೆ ಪಕ್ಕದ ಅಂಗಡಿಯ ದರ್ಜಿ ನಮ್ಮ ಗೋಡೆಯನ್ನು ಟೇಪಿನಿಂದ ಅಳೆಯುತ್ತಿದ್ದಾನೆ. ಅಂಗಡಿ ಮಾರುವ ಮಾತಾಗಿ ಮುಂಗಡವನ್ನೂ ತೆಗೆದುಕೊಂಡಾಗಿತ್ತು. ಕಾಯಿಲೆ ಇದೆಯೋ ಇಲ್ಲವೋ ಗೊತ್ತಿಲ್ಲ, ಇದ್ದರೆ ಏನೆಂದೂ ಗೊತ್ತಿಲ್ಲ, ಖರ್ಚಿಗೆ ಮಾತ್ರ ದುಡ್ಡು ಸಿದ್ಧ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಸಂತೋಷಕ್ಕೆ ಮಾತ್ರ ಎಂದುಕೊಂಡಿದ್ದೆ. ನಾನು ಬೈದಾಗ ಅವರು, "ನಿಮ್ಮಪ್ಪನ ಕಾಯಿಲೆಲಿ ನೋಡಿಲ್ವೇನೆ, ಗಡಿಬಿಡಿಲಿ ಮಾರಿದ್ರೆ ಅರ್ಧ ಬೆಲೆನೂ ಬರಲ್ಲ" ಎಂದರು. ಮದುವೆಯಾಗಿ ಬಂದ ಹೊಸತರಲ್ಲೇ ಅವರು ಅದನ್ನೆಲ್ಲ ನೋಡಿದವರು.

ಪರೀಕ್ಷೆಯ ಹಿಂದಿನ ದಿನ ಒಂದು ಔಷಧಿ ಕುಡಿಸುತ್ತಾರೆ. ಬಟ್ಟೆಯನ್ನು ನಾವು ಸೋಡಾ ನೀರಿನಲ್ಲಿ ಅದ್ದಿ ತೆಗೆಯುವ ಹಾಗೆ ಅದು ಹೊಟ್ಟೆಯನ್ನು ತೊಳೆದು ತೆಗೆಯುತ್ತದೆ. ಆ ದಿನ ಅಂಗಡಿಯ ಹಿಂದಿನ ಬಾಗಿಲಿನ ಚಿಲಕ ಸವೆದುಹೋಗುವಷ್ಟು ಸಲ ಅವರು ಓಡಾಡಿದರು. ಆ ಪರೀಕ್ಷೆಯಲ್ಲಿ ಅದೊಂದೇ ಕಷ್ಟ, ನಿನಗೆ ಮೊದಲೇ ಹೇಳಿಡುತ್ತೇನೆ. ಮರುದಿನ ಮಂಪರು ಬರುವ ಇಂಜೆಕ್ಷನ್ ಕೊಟ್ಟರು, ಎದ್ದು ಕೂತಾಗ ಎಲ್ಲ ಮುಗಿದಿತ್ತು. ಡಾಕ್ಟರ್ ಒಬ್ಬಳು ಸಣ್ಣ ಹುಡುಗಿ, ನೋಡಿದರೆ ನಮ್ಮ ಮಗಳಿಗಿಂತ ಒಂದೆರಡು ವರ್ಷ ದೊಡ್ಡವಳಿರಬೇಕು, ಆದರೆ ಮಾತು ಖಡಕ್ಕು. "ಬರೀ ಮೂಲವ್ಯಾಧಿ, ಒಳಗೆಲ್ಲ ಚೊಕ್ಕಟವಾಗಿದೆ" ಎಂದಳು. ಆಮೇಲೆ ಕಾಗದ ತಿರುವಿ ನೋಡಿ, "ಆದ್ರೆ ಆ ರಕ್ತ ಇವರದೇ ಅಂತ ಹೇಳೋಕಾಗಲ್ಲ. ಇನ್ನೊಂದು ಬಾಟಲಿ ಯಾರದು?" ಎಂದಳು. ನಿನ್ನ ಭಾವನ ಮುಖದಲ್ಲಿ ನಗು ಬಂದದ್ದನ್ನೂ ಅದು ಹೋದದ್ದನ್ನೂ ಒಂದೇ ಗಳಿಗೆಯಲ್ಲಿ ನೋಡಿದೆ ನಾನು. ಅವರು ನನ್ನ ಕಡೆ ತಿರುಗಿದರು. ಅಲ್ಲಿಯವರೆಗೆ ನನಗೆ ಆ ಯೋಚನೆಯೇ ಬಂದಿರಲಿಲ್ಲ, ತಮ್ಮಾ. ನನಗೆ ನೋವಿರಲಿಲ್ಲ, ಸುಸ್ತಿರಲಿಲ್ಲ, ಊಟ ಸೇರುತ್ತಿತ್ತು, ಕಣ್ಣಿಗೆ ಒಂದು ತೊಟ್ಟು ರಕ್ತ ಕಂಡಿರಲಿಲ್ಲ. ಶಾಲೆ ಶುರುವಾಗುವ ಹೊತ್ತು, ಸಮವಸ್ತ್ರದ ಗಂಟುಗಳು ರಾಶಿ ಬಿದ್ದಿವೆ, ಅದು ಮುಗಿಯಲಿ ಆಮೇಲೆ ಬರುತ್ತೇನೆ ಎಂದು ಡಾಕ್ಟರಿಗೆ ಹೇಳಿದೆ. "ಬಟ್ಟೆ ಕಾಯ್ತದೆ, ನೀವು ಕೂತ್ಕೊಳ್ಳಿ" ಎಂದಳು.

ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತೇ ಎಂದು ಕೇಳಿದಳು. ಯಾರಿಗೂ ಇಲ್ಲ ಎಂದೆ. ಬಾಯಿಗೆ ಹಾಗೇ ಬಂದುಬಿಟ್ಟಿತು, ನೋಡು. ಅಪ್ಪನಿಗೆ ಆದದ್ದನ್ನು ಅಮ್ಮ ಒಂದು ದಿನವೂ ಆ ಹೆಸರಿನಿಂದ ಕರೆಯಲಿಲ್ಲ, ನಮಗೂ ಕರೆಯಲು ಬಿಡಲಿಲ್ಲ. ಹೊಟ್ಟೆನೋವು, ಅಷ್ಟೇ. ಅವರು ಹೋದಾಗಲೂ ಹೊಟ್ಟೆನೋವಿನಿಂದಲೇ ಹೋದರು. ನಿನ್ನ ಭಾವ ಪಕ್ಕದ ಕುರ್ಚಿಯಿಂದ, "ಅಮ್ಮಾ ಡಾಕ್ಟ್ರೆ, ಇವಳ ಅಪ್ಪನಿಗೆ ಹೊಟ್ಟೆನೋವಿತ್ತು. ಆ ಹೊಟ್ಟೆನೋವಿಗೆ ಒಂದು ಲಾಂಡ್ರಿ, ಒಂದು ಮನೆ, ಅತ್ತೆಯವರ ಕೈಬಳೆ, ಇವಳ ತಮ್ಮನ ಕಾಲೇಜು ಎಲ್ಲ ಹೋಯ್ತು" ಎಂದರು. ಆ ಹುಡುಗಿ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. ನನಗೆ ಎಂಥ ನಾಚಿಕೆಯಾಯಿತೆಂದರೆ ಎದ್ದು ಹೋಗಿಬಿಡೋಣ ಅನ್ನಿಸಿತು.

ಮುಂದಿನದ್ದು ನಿನಗೆ ತುಂಡುತುಂಡಾಗಿ ಗೊತ್ತಿದೆ. ಆ ಕೊಳವೆ ನನ್ನೊಳಗೂ ಹೋಯಿತು. ಕರುಳಿನ ಗೋಡೆಗೆ ಅಂಟಿಕೊಂಡು ಗುಂಡಿಯಷ್ಟು ದೊಡ್ಡದೊಂದು ಗಂಟು ಇತ್ತು. ಅದರ ಚೂರು ತೆಗೆದು ನೋಡಿದರು, ಅದೇ ಎಂದರು. ಆ ದಿನ ಮನೆಗೆ ಬಂದು ನಾನು ಚೆನ್ನಾಗಿ ಅತ್ತೆ. ನಿನ್ನ ಭಾವ ಸಮಾಧಾನ ಹೇಳಲು ಬಂದು ತಾವೇ ಜೋರಾಗಿ ಅತ್ತರು, ಕೊನೆಗೆ ಅವರಿಗೆ ನಾನು ನೀರು ಕೊಡಬೇಕಾಯಿತು. ಆದರೆ ಡಾಕ್ಟರ್ ಅಡ್ಡಗೋಡೆಯ ಮೇಲೆ ದೀಪ ಇಡುವವಳಲ್ಲ. ಗಂಟು ಇನ್ನೂ ಕರುಳಿನ ಗೋಡೆ ದಾಟಿಲ್ಲ, ಬೇರೆ ಎಲ್ಲೂ ಹರಡಿದ ಹಾಗೆ ಕಾಣಿಸುತ್ತಿಲ್ಲ, ಅಷ್ಟು ಭಾಗ ಕತ್ತರಿಸಿ ಎರಡು ತುದಿ ಸೇರಿಸಿ ಹೊಲಿದರೆ ಸಾಕಾಗಬಹುದು ಎಂದು ಬಿಡಿಸಿ ಹೇಳಿದಳು. ಹೊಟ್ಟೆಯ ಮೇಲೆ ಗುಂಡಿ ಹಾಕುವ ಕಾಜಿನಷ್ಟು ಸಣ್ಣ ಮೂರು ನಾಲ್ಕು ಗಾಯ, ಒಂದು ಮಾತ್ರ ಸ್ವಲ್ಪ ಉದ್ದ. ಒಂದು ವಾರವೂ ಆಸ್ಪತ್ರೆಯಲ್ಲಿ ಇರಲಿಲ್ಲ. ಇಷ್ಟು ವರ್ಷ ನಾನು ಬಟ್ಟೆಗೆ ಹಾಕಿದ ಗಂಜಿಯನ್ನು ಅಲ್ಲಿ ನನಗೇ ಕುಡಿಸಿದರು, ಉಪ್ಪು ಕೂಡ ಸರಿಯಾಗಿರಲಿಲ್ಲ, ನೀನಿದ್ದರೆ ಅಡುಗೆಯವನ ಜೊತೆ ಜಗಳ ತೆಗೆಯುತ್ತಿದ್ದೆ. ತೆಗೆದದ್ದನ್ನು ಪರೀಕ್ಷೆ ಮಾಡಿ, ಸುತ್ತಲಿನದೆಲ್ಲ ಚೊಕ್ಕಟವಾಗಿದೆ, ಕೂದಲು ಉದುರಿಸುವ ಆ ಔಷಧಿಯೂ ಬೇಡ ಎಂದರು. ನನ್ನ ಕೂದಲು ಮೊದಲೇ ಎಷ್ಟಿದೆಯೆಂದು ನಿನಗೆ ಗೊತ್ತು, ಅಷ್ಟಾದರೂ ಉಳಿಯಿತು.

ಮನೆಗೆ ಕಳಿಸುವ ದಿನ ನಿನ್ನ ಭಾವ ಒಂದು ದೊಡ್ಡ ಚೀಲ ಎದೆಗೆ ಅವುಚಿಕೊಂಡು ದುಡ್ಡು ಕಟ್ಟುವ ಕಿಟಕಿಗೆ ಹೋದರು. ನೀನು ಕಳಿಸಿದ್ದು, ದರ್ಜಿಯ ಮುಂಗಡ, ಮಗಳು ಕೂಡಿಟ್ಟದ್ದು, ಎಲ್ಲ ಅದರಲ್ಲೇ ಇತ್ತು. ಕಿಟಕಿಯವನು ಒಂದು ಹಾಳೆಯನ್ನು ಮುಂದೆ ತಳ್ಳಿದ. ಇವರು ಓದಿದರು, ಹಿಂದೆ ತಿರುಗಿಸಿ ನೋಡಿದರು, ಮಿಕ್ಕ ಹಾಳೆಗಳಿಗಾಗಿ ಕಾಯುತ್ತ ನಿಂತರು. ಆಮೇಲೆ, "ಇಷ್ಟೇನಾ?" ಎಂದು ಕೇಳಿದರಂತೆ. "ಇನ್ನೂ ಬೇಕಾ?" ಎಂದನಂತೆ ಅವನು. ಕಡಿಮೆ ದುಡ್ಡೇನೂ ಅಲ್ಲ. ನಾವು ಹಳೆಯ ಸ್ಟೀಮ್ ಪ್ರೆಸ್ ಕೊಂಡೆವಲ್ಲ, ಹೆಚ್ಚುಕಡಿಮೆ ಅಷ್ಟು. ಅದನ್ನು ಬ್ಯಾಂಕಿನಲ್ಲಿದ್ದ ನಮ್ಮ ಉಳಿತಾಯದಲ್ಲೇ ಕಟ್ಟಲು ಆಯಿತು, ನಿನ್ನದನ್ನು ಮುಟ್ಟಬೇಕಾಗಲಿಲ್ಲ. ಇವರು ಆ ಚೀಲವನ್ನು ಹೇಗೆ ತಂದಿದ್ದರೋ ಹಾಗೇ ಎತ್ತಿಕೊಂಡು ಬಂದು ವಾರ್ಡಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ಎರಡು ವರ್ಷ ಬಿಟ್ಟು ಬಂದಿದ್ದರೆ ಎಷ್ಟಾಗುತ್ತಿತ್ತು ಎಂದು ನಾನು ಡಾಕ್ಟರನ್ನು ಕೇಳಿದೆ, ಕೇಳದೆ ಇರಲು ಆಗಲಿಲ್ಲ, ನಿನ್ನ ಅಕ್ಕ ತಾನೇ. "ಇದರ ಎಷ್ಟೋ ಪಟ್ಟು. ಮತ್ತೆ ಅಷ್ಟು ಖರ್ಚು ಮಾಡಿದ್ಮೇಲೂ ಇವತ್ತು ಹೇಳಿದ ಹಾಗೆ ಧೈರ್ಯವಾಗಿ ಹೇಳೋಕೆ ಆಗ್ತಿರಲಿಲ್ಲ" ಎಂದಳು. ನಮ್ಮ ಮನೆಯಲ್ಲಿ ಈ ಕಾಯಿಲೆ ಎಂದರೆ ಮನೆ ಮಾರುವುದು ಎಂದೇ ಅರ್ಥವಿತ್ತು. ಅದಕ್ಕೇ ನಿನ್ನ ಭಾವ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಹೂಡಿಕೊಂಡು ನಿಂತಿದ್ದರು. ದರ್ಜಿಗೆ ಮುಂಗಡ ವಾಪಸ್ ಕೊಟ್ಟಾಗ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಅವನ ಮುಖ ಇಳಿಯಿತು, ಆದರೂ ನನಗೊಂದು ಹತ್ತಿಯ ಸಡಿಲ ಅಂಗಿ ಹೊಲಿದುಕೊಟ್ಟ, ಕೂಲಿ ಬೇಡವೆಂದ.

ಈಗ ಅಪ್ಪನ ವಿಷಯ. ನೀನು ಆಗ ಕಾಲೇಜಿನ ಹುಡುಗ, ಬೆಳಗ್ಗೆ ಎದ್ದು ದುಡ್ಡು ಹಿಡಿದು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುತ್ತಿದ್ದೆ. ಖಜಾಂಚಿ ಎಂಬ ಹೆಸರು ಬಂದದ್ದು ಆಗಲೇ. ಇವತ್ತು ಇದು, ನಾಳೆ ಅದು ಎಂದು ಅವರು ಕೇಳಿದ್ದನ್ನೆಲ್ಲ ಕಟ್ಟಿದೆ. ಕೊನೆಯಲ್ಲಿ ಕಟ್ಟಲು ಏನೂ ಉಳಿದಿರಲಿಲ್ಲ, ಅಪ್ಪನೂ ಉಳಿಯಲಿಲ್ಲ. ಆಸ್ಪತ್ರೆ ಎಂದರೆ ನಿನಗೆ ಆ ಸಾಲು ಎಂದು ನನಗೆ ಗೊತ್ತು, ಅದಕ್ಕೆ ನಿನ್ನ ಮೇಲೆ ನನಗೆ ಕೋಪವಿಲ್ಲ. ಆದರೆ ಒಂದು ವಿಷಯವನ್ನು ನೀನು ನೋಡಿರಲಾರೆ. ಕಾಯಿಲೆ ಹೊರಬೀಳುವುದಕ್ಕೆ ಎಷ್ಟೋ ಮೊದಲಿನಿಂದ ಅಪ್ಪ ತಮ್ಮ ಒಳಬಟ್ಟೆಯನ್ನು ತಾವೇ ಒಗೆದುಕೊಳ್ಳುತ್ತಿದ್ದರು. ಅಂಗಡಿಯಲ್ಲಿ ಅಷ್ಟು ತೊಟ್ಟಿ, ಅಷ್ಟು ಜನ ಇದ್ದರೂ ಹಿತ್ತಲ ನಲ್ಲಿಯ ಹತ್ತಿರ ಒಬ್ಬರೇ ಕುಕ್ಕರಗಾಲಿನಲ್ಲಿ ಕೂತು ಉಜ್ಜುತ್ತಿದ್ದರು. ವಯಸ್ಸಾದ ಮೇಲೆ ಮಡಿವಂತರಾಗಿದ್ದಾರೆ ಎಂದು ಅಮ್ಮ ನಗುತ್ತಿದ್ದಳು. ನನ್ನ ರಿಪೋರ್ಟ್ ಬಂದ ದಿನ ನನಗೆ ಅದು ನೆನಪಾಗಿ ಅರ್ಥವಾಯಿತು. ಅವರು ರಕ್ತ ನೋಡಿದ್ದರು, ತಮ್ಮಾ. ಕಲೆ ಹಸಿಯಾಗಿದ್ದಾಗಲೇ ತೆಗೆಯಬೇಕೆಂದು ನಮಗೆ ಕಿವಿ ಹಿಂಡಿ ಕಲಿಸಿದವರು, ದಿನವೂ ನೋಡಿ ನೋಡಿ ಒಗೆದು ಒಣಗಿಸಿಕೊಂಡರು. ಎಲ್ಲರ ಬಟ್ಟೆಗೂ ಒಂದೇ ನಂಬರು ಎಂದವರು ತಮ್ಮದನ್ನು ಮಾತ್ರ ಬೇರೆ ಮಾಡಿಕೊಂಡರು. ಡಾಕ್ಟರ ಹತ್ತಿರ ಹೋದರೆ ಖರ್ಚು, ಹುಡುಗನ ಕಾಲೇಜಿನ ಫೀಸು ಹತ್ತಿರ ಬಂದಿದೆ ಎಂದೇ ಅಂದುಕೊಂಡಿರುತ್ತಾರೆ, ನನಗೆ ಅವರ ಸ್ವಭಾವ ಗೊತ್ತು. ನಿನ್ನ ಫೀಸು ಉಳಿಸಲು ಹೋದರು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬಂತು, ನಿನ್ನ ಕಾಲೇಜೂ ಹೋಯಿತು, ನೀನು ಹಡಗು ಹತ್ತಿದೆ. ಗೊತ್ತಾಗದಿದ್ದರೆ ಖರ್ಚಿಲ್ಲ ಎಂದು ನೀನು ಫೋನಿನಲ್ಲಿ ಹೇಳಿದಾಗ ನನಗೆ ಕೇಳಿಸಿದ್ದು ಅಪ್ಪನ ದನಿ. ಅವತ್ತಿನಿಂದ ನನ್ನ ಮನಸ್ಸು ಸರಿಯಿಲ್ಲ.

ಆ ಕಾಲದಲ್ಲಿ ಬಾಟಲಿ ಕೊಡುವ ನರ್ಸಮ್ಮ ಇರಲಿಲ್ಲ, ಅದೂ ನಿಜ. ಎಲ್ಲದಕ್ಕೂ ಇದೇ ಮದ್ದು ಎಂದು ನಾನು ಹೇಳುತ್ತಿಲ್ಲ. ಕೆಲವು ಕಾಯಿಲೆ ಎಷ್ಟು ಹುಡುಕಿದರೂ ಸಿಗುವುದಿಲ್ಲ, ಕೆಲವು ಬೇಗ ಸಿಕ್ಕರೂ ಮಾತು ಕೇಳುವುದಿಲ್ಲ ಎಂದು ಡಾಕ್ಟರೇ ಹೇಳಿದ್ದಾಳೆ. ನನಗೂ ವರ್ಷ ತುಂಬಿದ ಮೇಲೆ ಮತ್ತೆ ತೋರಿಸಬೇಕು, ಆಮೇಲೂ ತೋರಿಸುತ್ತಲೇ ಇರಬೇಕು. ಹೊಟ್ಟೆಯಲ್ಲಿ ಗುಡುಗುಡು ಎಂದರೂ ಎದೆ ಧಸಕ್ಕೆನ್ನುತ್ತದೆ, ಆಮೇಲೆ ಮೂಲಂಗಿ ತಿಂದದ್ದು ನೆನಪಾಗುತ್ತದೆ. ಆದರೂ ಬೆಳಗ್ಗೆ ಎದ್ದ ಕೂಡಲೇ ಈಗ ಒಂದು ತರದ ಸಂತೋಷ ಆಗುತ್ತದೆ, ಮೊದಲು ಇರಲಿಲ್ಲ ಇದು. ಬಾಯ್ಲರ್ ಬಿಸಿಯಾಗುವ ಸದ್ದು ಕೇಳಿದರೂ ಸಂತೋಷ. ದರ್ಜಿಯೂ ಹೆದರಿ ಬಾಟಲಿ ಕೊಟ್ಟು ಬಂದ, ಅವನದರಲ್ಲಿ ಏನೂ ಇರಲಿಲ್ಲ. "ಸುಮ್ನೆ ಅರ್ಧ ದಿನದ ಕೆಲಸ ಹಾಳಾಯ್ತು" ಎಂದು ಗೊಣಗಿದ. ಏನಾದರೂ ಇರಬೇಕಿತ್ತೇನಪ್ಪ ಎಂದು ಕೇಳಿದೆ, ಸೂಜಿಗೆ ದಾರ ಪೋಣಿಸು ಎಂದು ನನ್ನ ಕೈಗೇ ಕೊಟ್ಟ. ನಿನ್ನ ವಿಷಯಕ್ಕೆ ಡಾಕ್ಟರ್ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ: "ತಂದೆಗಿತ್ತು, ನಿಮಗೂ ಬಂತು. ಒಡಹುಟ್ಟಿದವರಿಗೆ ಬಾಟಲಿ ಸಾಲದು, ನೇರವಾಗಿ ಒಳಗೇ ನೋಡಬೇಕು. ತೊಂದರೆ ಶುರುವಾಗ್ಲಿ ಅಂತ ಕಾಯಬೇಡಿ." ನಿನ್ನೊಳಗೆ ಏನೂ ಇಲ್ಲದೆ ಇರಬಹುದು, ಹಾಗೇ ಇರಲಿ. ಇದ್ದರೂ ಚಿಗುರಿನಷ್ಟು ಸಣ್ಣದಿದ್ದಾಗ ಆ ಕೊಳವೆಯಲ್ಲೇ ಚಿವುಟಿ ತೆಗೆದುಬಿಡುತ್ತಾರಂತೆ, ಆಪರೇಶನ್ನೂ ಇಲ್ಲ, ಅದು ಮುಂದೆ ಕ್ಯಾನ್ಸರ್ ಆಗುವುದೂ ಇಲ್ಲ. ಸಂಜೆಗೆ ಮನೆ.

ನಿನ್ನ ದುಡ್ಡನ್ನು ನಿನ್ನ ಖಾತೆಗೆ ತಿರುಗಿ ಹಾಕಿಸಿದ್ದೇನೆ, ನೋಡಿಕೋ. ಅದು ಹೋಟೆಲಿನ ದುಡ್ಡು, ಹೋಟೆಲಿಗೇ ಇರಲಿ. ಹೋಟೆಲ್ ಇಟ್ಟ ದಿನ ಮೊದಲನೇ ಎಲೆಗೆ ಕೂರುವವಳು ನಾನು, ದುಡ್ಡು ಕೊಡುವುದಿಲ್ಲ, ಈಗಲೇ ಹೇಳಿರುತ್ತೇನೆ. ನಿನ್ನ ಸೋದರ ಸೊಸೆ ಪಕ್ಕದಲ್ಲಿ ಕೂತು ಕಾಲರುಗಳಿಗೆ ಚೀಟಿ ಪೋಣಿಸುತ್ತಿದ್ದಾಳೆ, ಮಾವನಿಗೆ ನಮಸ್ಕಾರ ಬರೆ ಎನ್ನುತ್ತಿದ್ದಾಳೆ. ಈಗ ಬಾಯ್ಲರ್ ಅವಳದೇ ರಾಜ್ಯ, ಅಪ್ಪನನ್ನೂ ಹತ್ತಿರ ಸೇರಿಸುವುದಿಲ್ಲ. ನಿನ್ನ ಭಾವನೂ ಕೇಳಿದ್ದಾರೆಂದು ಬರೆಯಲು ಹೇಳಿದರು. ತಮ್ಮ ಪರೀಕ್ಷೆಯ ಖರ್ಚು ದಂಡವಾಯಿತೆಂದು ಆಗಾಗ ಹೇಳುತ್ತಾರೆ, ಹೇಳಿ ತಾವೇ ನಗುತ್ತಾರೆ. ಹೊತ್ತಿಗೆ ಸರಿಯಾಗಿ ಉಣ್ಣು, ಮೊಣಕೈಗೆ ಮುಲಾಮು ಧಾರಾಳವಾಗಿ ಹಚ್ಚು. ಸಮುದ್ರ ನಿನ್ನನ್ನು ನೋಯಿಸದೆ ದಡಕ್ಕೆ ತಂದುಬಿಡಲಿ. ನೂರು ಕಾಲ ಚೆನ್ನಾಗಿ ಬಾಳು.

ನಿನ್ನ,
ಅಕ್ಕ

ತಾ.ಕ.: ಅಂಚೆಗೆ ಹಾಕುತ್ತೇನೆಂದ ಗಿರಾಕಿ ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬೇಗ ಬರೆಯುತ್ತೇನೆ. ನಿನ್ನ ದುಡ್ಡು ಪೂರ್ತಿ ಬಂದಿಲ್ಲ, ಸ್ವಲ್ಪ ಕಡಿಮೆಯಿದೆ. ಹೇಗೂ ನೀನು ಕಂಡುಹಿಡಿಯುತ್ತೀಯ. ಅಷ್ಟನ್ನು ನಿನ್ನ ಪರೀಕ್ಷೆಗೆ ಕಟ್ಟಿದ್ದೇನೆ. ಅದೇ ಆಸ್ಪತ್ರೆ, ಅದೇ ಡಾಕ್ಟರ್. ಹಡಗು ಬಂದ ಮುಂದಿನ ವಾರ, ಮಂಗಳವಾರ ಬೆಳಗ್ಗೆ, ನಿನ್ನ ಹೆಸರಿಗೆ. ಬರದಿದ್ದರೆ ದುಡ್ಡು ವಾಪಸ್ ಕೊಡುವುದಿಲ್ಲ ಎಂದು ಕಿಟಕಿಯವನು ಹೇಳಿದ, ನಾನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಇಷ್ಟುದ್ದ ಖರ್ಚಿನ ಮಾತು ಬರೆದದ್ದು ನೀನು ಅದನ್ನಾದರೂ ಕೇಳುತ್ತೀಯೆಂದು. ಖರ್ಚು ಇದರ ಹತ್ತರಷ್ಟಾಗಿದ್ದರೂ ನಾನು ಈ ಪತ್ರ ಬರೆಯುತ್ತಿದ್ದೆ. ಅಪ್ಪ ಅಮ್ಮ ಇಬ್ಬರೂ ಹೋದರು. ಈ ಭೂಮಿಯ ಮೇಲೆ ನನ್ನನ್ನು ಅಕ್ಕಾ ಎಂದು ಕರೆಯುವವನು ನೀನೊಬ್ಬನೇ ಇರುವುದು. ಬಾರಪ್ಪ.